ಎಂ.ಟೆಕ್ ಪ್ರಾಜೆಕ್ಟ್ ಸೆಂಟರ್‌ಗೆ ದುಡ್ಡು ಕಟ್ಟೋ ಮುಂಚೆ ಇದನ್ನು ಓದಿ

ಸಿಗ್ನಲ್ ಪ್ರೊಸೆಸಿಂಗ್, ಕಮ್ಯುನಿಕೇಶನ್‌ನಲ್ಲಿ ಎಂ.ಟೆಕ್ ಮಾಡ್ತಿರೋರು ದಯವಿಟ್ಟು ಪೂರ್ತಿ ಓದಿ. ಬೆಂಗಳೂರಿನ ಒಂದು ಪ್ರಾಜೆಕ್ಟ್ ಸೆಂಟರ್ ಒಎಫ್‌ಡಿಎಂ (4ಜಿ, ವೈ-ಫೈ ಬಳಸೋ ಸಿಗ್ನಲ್ ವಿಧಾನ) ಚಾನೆಲ್ ಎಸ್ಟಿಮೇಶನ್ (ದಾರಿಯಲ್ಲಿ ಸಿಗ್ನಲ್ ಹೇಗೆ ಬದಲಾಗುತ್ತೆ ಅಂತ ಅಂದಾಜಿಸೋದು) ಅಂತ ಕೊಟ್ಟಿದ್ದು ಶುದ್ಧ ಮೋಸ. 'ಬರೀ ಗೈಡೆನ್ಸ್, ಒಂದೊಂದು ಲೈನೂ ವಿವರಿಸ್ತೀವಿ' ಅಂದಿದ್ರು. ಮುಕ್ಕಾಲು ದುಡ್ಡು ಮುಂಗಡ ತಗೊಂಡ ಮೇಲೆ ಕೈಗೆ ಬಂದಿದ್ದು ಒಂದು ಮೇನ್ ಫೈಲ್, ಮಿಕ್ಕಿದ್ದೆಲ್ಲ ಮ್ಯಾಟ್‌ಲ್ಯಾಬ್ (ಲೆಕ್ಕಾಚಾರದ ಸಾಫ್ಟ್‌ವೇರ್) ಪಿ-ಕೋಡ್. ಅದು ರನ್ ಆಗುತ್ತೆ, ಓದೋಕಾಗಲ್ಲ.

ಗ್ರಾಫ್ ಮಾತ್ರ ಚೆನ್ನಾಗಿತ್ತು. ಎಲ್‌ಎಸ್ ಮೇಲೆ, ಅದರ ಕೆಳಗೆ ಎಂಎಂಎಸ್‌ಇ (ಎರಡೂ ಮಾಮೂಲಿ ಅಂದಾಜು ವಿಧಾನಗಳು), ಎಲ್ಲಕ್ಕಿಂತ ಕೆಳಗೆ 'ಪ್ರಪೋಸ್ಡ್' ಅನ್ನೋ ಹೊಸ ವಿಧಾನ, ಬಿಇಆರ್ (ಕಳಿಸಿದ ಬಿಟ್‌ಗಳಲ್ಲಿ ತಪ್ಪಾದ ಪಾಲು, ಕಡಿಮೆ ಇದ್ದಷ್ಟೂ ಒಳ್ಳೇದು) 0.000001ರ ತನಕ. ಆದರೆ ಮೇನ್ ಫೈಲಲ್ಲಿ ಪ್ರತಿ ಎಸ್‌ಎನ್‌ಆರ್‌ಗೆ (ನಾಯ್ಸ್‌ಗೆ ಹೋಲಿಸಿದ್ರೆ ಸಿಗ್ನಲ್‌ನ ಬಲ) ಕಳಿಸ್ತಿದ್ದ ಬಿಟ್ ಬರೀ 10,000! ಅಷ್ಟರಲ್ಲಿ ಒಂದೇ ಒಂದು ಬಿಟ್ ತಪ್ಪಿದ್ರೂ ಬಿಇಆರ್ 0.0001. ಅದಕ್ಕಿಂತ ಕೆಳಗೆ ಇರೋದು ಸೊನ್ನೆ, ಸೊನ್ನೆ ಲಾಗ್ ಸ್ಕೇಲಲ್ಲಿ (ಪ್ರತಿ ಹೆಜ್ಜೆಗೆ ಹತ್ತು ಪಟ್ಟು ಬದಲಾಗೋ ಅಳತೆ) ಕಾಣಿಸೋದೇ ಇಲ್ಲ. 0.000001 ನಂಬೋ ಹಾಗೆ ಅಳೀಬೇಕಂದ್ರೆ ನೂರು ತಪ್ಪಾದ್ರೂ ಸಿಗಬೇಕು, ಅಂದ್ರೆ 10 ಕೋಟಿ ಬಿಟ್. ಹಾಗಾದ್ರೆ ಈ ಗೆರೆ ಎಲ್ಲಿಂದ ಬಂತು? ಅದೇ ಮೇನ್ ಫೈಲಲ್ಲಿ ಕೆಳಗೆ ನೋಡಿದ್ರೆ ಮೊದಲೇ ಉಳಿಸಿಟ್ಟ ಮ್ಯಾಟ್ ಫೈಲನ್ನು (ಮ್ಯಾಟ್‌ಲ್ಯಾಬ್ ಡೇಟಾ ಫೈಲ್) ಲೋಡ್ ಮಾಡಿ, ಎಂಎಂಎಸ್‌ಇ ಬಿಇಆರನ್ನು 0.4ರಿಂದ ಗುಣಿಸಿ 'ಪ್ರಪೋಸ್ಡ್' ಅಂತ ಹೆಸರಿಟ್ಟಿದ್ದಾರೆ. ಅಷ್ಟೇ. 0.4! ಅದಕ್ಕೇ ಎರಡೂ ಗೆರೆ ಉದ್ದಕ್ಕೂ ಒಂದೇ ಅಂತರದಲ್ಲಿ ಇದ್ದಿದ್ದು. ಚಾನೆಲ್ ಟ್ಯಾಪ್ (ಸಿಗ್ನಲ್ ಬರೋ ಬೇರೆ ಬೇರೆ ದಾರಿಗಳ ಲೆಕ್ಕ) ಬದಲಾಯಿಸಿದ್ರೂ ಗ್ರಾಫ್ ಅಲ್ಲಾಡಲಿಲ್ಲ.

ಫೋನ್ ಮಾಡಿದ್ರೆ, 'ಎಕ್ಸ್‌ಟರ್ನಲ್ (ಹೊರಗಿನ ಪರೀಕ್ಷಕರು) ಅಷ್ಟೆಲ್ಲ ನೋಡಲ್ಲ ಸರ್.' ಸೋರ್ಸ್ ಕೊಡಿ ಅಂದ್ರೆ, 'ಅದಕ್ಕೆ ಎಕ್ಸ್‌ಟ್ರಾ ಆಗುತ್ತೆ.' ಇದು ಸುಳ್ಳು ರಿಸಲ್ಟ್ ಅಂದ್ರೆ, 'ಇದೇ ಕೋಡ್ ಎಷ್ಟೋ ಜನಕ್ಕೆ ಕೊಟ್ಟಿದೀವಿ, ಯಾರೂ ಕಂಪ್ಲೇಂಟ್ ಮಾಡಿಲ್ಲ.' ಎಷ್ಟೋ ಜನಕ್ಕೆ! ಹಾಗಾದ್ರೆ ಎಲ್ಲರಿಗೂ ಕೊಟ್ಟ ರಿಪೋರ್ಟೂ ಅದೇ ಅಲ್ವಾ? ಯುಜಿಸಿಯ 2018ರ ನಿಯಮದಲ್ಲಿ ಬೇರೆಯವರ ಬರಹದ ಜೊತೆ ಹೋಲಿಕೆ ಶೇ 10 ದಾಟಿದ್ರೆ ಥೀಸಿಸ್ ತಿದ್ದಿ ಮತ್ತೆ ಕೊಡಬೇಕು, ಶೇ 60 ದಾಟಿದ್ರೆ ರಿಜಿಸ್ಟ್ರೇಶನ್ನೇ ರದ್ದು. ಅನುಭವಿಸೋರು ವಿದ್ಯಾರ್ಥಿಗಳು, ಅವರಲ್ಲ.

ಯಾರದೇ ಕೋಡ್ ಆಗಲಿ, ಮೊದಲು ಫೇಡಿಂಗ್ (ದಾರಿಯಲ್ಲಿ ಸಿಗ್ನಲ್ ಏರಿಳಿಯೋದು) ತೆಗೆದು ಬರೀ ಎಡಬ್ಲ್ಯುಜಿಎನ್‌ನಲ್ಲಿ (ನಾಯ್ಸ್ ಮಾತ್ರ ಇರೋ ಚಾನೆಲ್) ಬಿಪಿಎಸ್‌ಕೆ (ಒಂದು ಸಿಂಬಲ್‌ಗೆ ಒಂದು ಬಿಟ್ ಕಳಿಸೋ ವಿಧಾನ) ಓಡಿಸಿ: ಇಬಿ/ಎನ್0 (ನಾಯ್ಸ್‌ಗೆ ಹೋಲಿಸಿದ್ರೆ ಒಂದು ಬಿಟ್‌ನ ಶಕ್ತಿ) 9.6 ಡಿಬಿಗೆ ಬಿಇಆರ್ 0.00001 ಹತ್ತಿರ ಬರಬೇಕು. ಫೇಡಿಂಗ್ ಇರೋ ರೇಲೀ ಚಾನೆಲ್ ಹಾಕಿದ್ರೆ 20 ಡಿಬಿಗೆ 0.0025 ಆಸುಪಾಸು. ಬರಲಿಲ್ವಾ, ಕೋಡ್ ಸರಿಯಿಲ್ಲ. 16-ಕ್ವಾಮ್ (ಒಂದು ಸಿಂಬಲ್‌ಗೆ ನಾಲ್ಕು ಬಿಟ್ ಕಳಿಸೋ ವಿಧಾನ) ಇದ್ರೆ ಅಡ್ಡ ಅಕ್ಷ ಎಸ್‌ಎನ್‌ಆರೋ ಇಬಿ/ಎನ್0ನೋ ಅಂತ ಕೇಳಿ. ಎರಡಕ್ಕೂ 6 ಡಿಬಿ ವ್ಯತ್ಯಾಸ, 'ಗೇನ್' ತೋರಿಸೋಕೆ ಅಲ್ಲೇ ಆಟ ಆಡ್ತಾರೆ. ಪಿ-ಕೋಡ್ ಅಂದ ತಕ್ಷಣ ಎದ್ದು ಬನ್ನಿ.

ದುಡ್ಡು ವಾಪಸ್ ಕೇಳಿದ್ದಕ್ಕೆ 'ಡೆಲಿವರಿ ಆಗಿದೆ ಸರ್' ಅಂತ ಫೋನ್ ಇಟ್ಟರು. ಈಗ ಉಳಿದ ಕಂತು ಕೊಡಿ ಅಂತ ದಿನಾ ಮೆಸೇಜ್ ಬರ್ತಿದೆ. ಒಂದು ರೂಪಾಯಿನೂ ಕೊಡಲ್ಲ.