ಮೆದುಳಿಗೆ ಮತ್ತಿ ಮೀನಾ, ಅಗಸೆ ಬೀಜಾನಾ?

ಮೆದುಳಿಗೆ ಒಳ್ಳೇದು ಅನ್ನೋ ಕೊಬ್ಬಿನಂಶ ಒಮೆಗಾ-3 ಬೇಕು ಅಂತ ಯಾವ್ದು ತಗೊಳ್ಳೋದು ಅಂತ ಯೋಚಿಸ್ತಿರೋರಿಗೆ ಹೇಳ್ತೀನಿ, ಮೀನು ತಿನ್ನೋರಾದ್ರೆ ಮತ್ತಿನೇ (ಬೂತಾಯಿ) ತಗೊಳ್ಳಿ. ಮೆದುಳಿನ ಜೀವಕೋಶಗಳಿಗೆ ಬೇಕಾಗಿರೋ ಒಮೆಗಾ-3, ಅಂದ್ರೆ ಡಿಎಚ್‌ಎ ಅದ್ರಲ್ಲಿ ನೇರವಾಗೇ ಸಿಗುತ್ತೆ, ಜೊತೆಗೆ ವಿಟಮಿನ್ ಬಿ12 ಕೂಡ ಇದೆ, ಅದು ಕಮ್ಮಿಯಾದ್ರೆ ಮರೆವು, ಸುಸ್ತು, ಮನಸ್ಸು ಮಂಕಾಗೋದು ಎಲ್ಲಾ ಆಗ್ಬಹುದು. ಕರಿಯೋದಕ್ಕಿಂತ ಕಾಚಂಪುಳಿ (ನಮ್ ಕೊಡಗಿನ ಹಣ್ಣಿನ ಹುಳಿ) ಹಾಕಿ ಸಾರು ಮಾಡಿ, ರುಚಿನೂ ಅದೇ ಜಾಸ್ತಿ.

ಅಗಸೆಲಿರೋದು ಗಿಡಗಳಲ್ಲಿ ಸಿಗೋ ಒಮೆಗಾ-3, ಅಂದ್ರೆ ಎಎಲ್‌ಎ, ದೇಹ ಅದ್ರಿಂದ ತೀರಾ ಸ್ವಲ್ಪಾನೇ ಡಿಎಚ್‌ಎ ಮಾಡ್ಕೊಳ್ಳುತ್ತೆ, ಬಿ12 ಅಂತೂ ಇಲ್ವೇ ಇಲ್ಲ. ಆದ್ರೆ ನಮ್ ಕೊಡಗಲ್ಲಿ ಜೂನ್ ಜುಲೈಲಿ, ಕರಾವಳಿಲಿ ಬೋಟು ನಿಂತಾಗ, ವಿರಾಜಪೇಟೆ ಮಾರ್ಕೆಟ್‌ಗೂ ತಾಜಾ ಮತ್ತಿ ಬರೋದು ಕಮ್ಮಿ, ಒಣಮೀನಲ್ಲಿ ಉಪ್ಪು ಜಾಸ್ತಿ, ಬಿಡದೆ ಮಳೆ ಹೊಡೆದು ಮನಸ್ಸು ಕುಗ್ಗೋದೂ ಆಗ್ಲೇ. ಆಗ ಅಗಸೆ ಹುರಿದು ಪುಡಿ ಮಾಡಿ ಅಕ್ಕಿ ರೊಟ್ಟಿ ಜೊತೆ ತಿನ್ನಿ, ಇಡೀ ಬೀಜ ಸರಿಯಾಗಿ ಜೀರ್ಣ ಆಗಲ್ಲ.

2017ರಲ್ಲಿ ಆಸ್ಟ್ರೇಲಿಯಾದಲ್ಲಿ ಖಿನ್ನತೆ ಇರೋ 67 ಜನರ ಮೇಲೆ 12 ವಾರದ ಅಧ್ಯಯನ ಬಂತು, ಊಟ ಸುಧಾರಿಸಿಕೊಂಡ ಗುಂಪಲ್ಲಿ ಮೂರರಲ್ಲಿ ಒಬ್ರು ಚೇತರಿಸ್ಕೊಂಡ್ರು, ಆದ್ರೆ ಅದು ತರಕಾರಿ, ಕಾಳು, ಮೀನು ಎಲ್ಲಾ ಸೇರಿದ ಊಟ. ಖಿನ್ನತೆಗೆ ಮಾತ್ರೆ ತಗೊಳ್ತಿರೋರು ದಯವಿಟ್ಟು ಅದನ್ನ ನಿಲ್ಲಿಸ್ಬೇಡಿ, ಸಸ್ಯಾಹಾರಿಗಳು ಒಮ್ಮೆ ಬಿ12 ಟೆಸ್ಟ್ ಮಾಡಿಸ್ಕೊಳ್ಳಿ.