ಅಳತೆಗೆ ಕೂರುವ ಯು-ಬೋಲ್ಟ್ ಹಿಡಿದಿಡುತ್ತದೆ ಎಂದು ನಂಬಬೇಡಿ: ಹಳೆಯ ಪಿಕಪ್ ಇಟ್ಟುಕೊಂಡವರಿಗೆ ಎಚ್ಚರಿಕೆ

ಹಳೆಯ ಪಿಕಪ್ ವಾಹನದ ಹಿಂದಿನ ಲೀಫ್ ಸ್ಪ್ರಿಂಗ್‌ಗೆ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಕಟ್ಟಿಗೆ) ಯು-ಬೋಲ್ಟ್, ಅಂದರೆ ಆ ಕಟ್ಟನ್ನು ಚಕ್ರಗಳ ಆಕ್ಸಲ್‌ಗೆ ಬಿಗಿದಿಡುವ, ಎರಡೂ ಕಾಲುಗಳಿಗೆ ಥ್ರೆಡ್ (ತಿರುಪಿನ ಎಳೆ) ಇರುವ U ಆಕಾರದ ಸರಳನ್ನು ಬದಲಾಯಿಸಬೇಕಾಗಿ ಬಂದವರು ಬಿಡಿಭಾಗದ ಅಂಗಡಿಗೆ ಹೋಗುವ ಮುನ್ನ ಇದನ್ನು ಓದಬೇಕೆಂದು ಕೋರುತ್ತೇನೆ. ಹಳೆಯದನ್ನು ತೋರಿಸಿ ಅದರಂತೆಯೇ ಕಾಣುವುದನ್ನು ತಂದರಾಯಿತು ಎಂಬ ಲೆಕ್ಕದಲ್ಲಿ ಒಂದು ವರ್ಕ್‌ಶಾಪಿನವರು ನನ್ನ ವಾಹನಕ್ಕೆ ಹಾಕಿಕೊಟ್ಟ ಯು-ಬೋಲ್ಟ್‌ಗಳಿಂದಾಗಿ ಹಿಂದಿನ ಆಕ್ಸಲ್ ಒಂದು ಬದಿಯಲ್ಲಿ ಹಿಂದಕ್ಕೆ ಸರಿಯಿತು, ಪಟ್ಟಿಗಳ ನಡುವೆ ತೂರಿರುವ ಸೆಂಟರ್ ಬೋಲ್ಟ್ ತುಂಡಾಯಿತು, ಮುಖ್ಯ ಪಟ್ಟಿ ನಡುವಿನ ತೂತಿನ ಬಳಿಯೇ ಬಿರುಕು ಬಿಟ್ಟಿತು. ಇಷ್ಟೆಲ್ಲ ಆಗುವವರೆಗೂ ನಟ್‌ಗಳಿಗೆ ಸ್ಪ್ಯಾನರ್ ಹಾಕಿ ನೋಡಿದರೆ ಒಂದೂ ಅಲುಗುತ್ತಿರಲಿಲ್ಲ.

ಮೊದಲು ಕಾಣಿಸಿಕೊಂಡದ್ದು ಶಬ್ದ. ಕ್ಲಚ್ ಬಿಟ್ಟು ವಾಹನ ಹೊರಡುವಾಗಲೂ ಬ್ರೇಕ್ ಒತ್ತುವಾಗಲೂ ಹಿಂದಿನಿಂದ ಮಂದವಾದ ಒಂದು ಗುದ್ದು ಕೇಳಿಸುತ್ತಿತ್ತು. ನಂತರ ನೇರ ರಸ್ತೆಯಲ್ಲಿಯೂ ಸ್ಟೀರಿಂಗನ್ನು ತುಸು ಒಂದು ಕಡೆಗೆ ಹಿಡಿದೇ ಓಡಿಸಬೇಕಾಯಿತು. ವರ್ಕ್‌ಶಾಪಿನವರು ಸ್ಪ್ರಿಂಗಿನ ತುದಿಯ ಶ್ಯಾಕಲ್ ಬುಶ್ ಸವೆದಿದೆ ಎಂದರು, ಆಮೇಲೆ ವೀಲ್ ಅಲೈನ್‌ಮೆಂಟ್ ಎಂದರು. ನಟ್ ಬಿಗಿಯಾಗಿಯೇ ಇರುವುದರಿಂದ ಯು-ಬೋಲ್ಟ್‌ನ ಮೇಲೆ ಅವರಿಗೆ ಅನುಮಾನವೇ ಬರಲಿಲ್ಲ. ಬೇರೆ ಕಡೆ ಬಿಚ್ಚಿಸಿದಾಗ ಸ್ಪ್ರಿಂಗ್ ಮತ್ತು ಅದು ಕೂರುವ ಆಕ್ಸಲ್ ಪೀಠದ ನಡುವೆ ಕೆಂಗಂದು ಬಣ್ಣದ ನುಣುಪಾದ ತುಕ್ಕಿನ ಪುಡಿ ತುಂಬಿತ್ತು. ಪೀಠದ ಮೇಲೆ ಲೋಹ ಉಜ್ಜಿ ಉಜ್ಜಿ ಕನ್ನಡಿಯಂತೆ ಹೊಳೆಯುತ್ತಿತ್ತು. ನಟ್‌ಗಳನ್ನು ತೆಗೆದ ಮೇಲೆ ನಿಜ ಕಾರಣ ಸಿಕ್ಕಿತು: ಪ್ರತಿಯೊಂದು ಕಾಲಿನಲ್ಲಿಯೂ ಥ್ರೆಡ್ ಮುಗಿದು ಸಾದಾ ಸರಳು ಆರಂಭವಾಗುವ ಜಾಗದಲ್ಲಿ ನಟ್ ಕಚ್ಚಿಕೊಂಡ ಹೊಳಪಿನ ಉಂಗುರವಿತ್ತು.

ಅರ್ಥಾತ್, ನಟ್ ಬಿಗಿಯಾದದ್ದು ಸ್ಪ್ರಿಂಗನ್ನು ಒತ್ತಿ ಅಲ್ಲ, ಮುಂದೆ ಹೋಗಲು ಥ್ರೆಡ್ ಇಲ್ಲದೆ. ಹಳೆಯ ಯು-ಬೋಲ್ಟ್ ಹಿಂದೆ ಯಾರೋ ಹೆಚ್ಚುವರಿ ಪಟ್ಟಿ ಸೇರಿಸಿದ್ದ ದಪ್ಪ ಕಟ್ಟಿಗೆ ಹೊಂದುವಷ್ಟು ಉದ್ದವಾಗಿತ್ತು. ಆ ಪಟ್ಟಿಯನ್ನು ತೆಗೆದು ಕಟ್ಟು ತೆಳುವಾದ ಮೇಲೆಯೂ ಅದೇ ಉದ್ದದ, ಆದರೆ ಥ್ರೆಡ್ ಇನ್ನೂ ಗಿಡ್ಡವಾಗಿದ್ದ ಹೊಸದನ್ನು ಹಾಕಲಾಗಿತ್ತು. ಇಂಥ ಸ್ಥಿತಿಯಲ್ಲಿ ಬಿಗಿಯುವ ಬಲವನ್ನು ಅಳೆಯುವ ಟಾರ್ಕ್ ರೆಂಚ್ ಕೂಡ ಸುಳ್ಳು ಹೇಳುತ್ತದೆ; ನಟ್ ಯಾವುದಕ್ಕೆ ತಡೆದು ನಿಂತಿದೆ ಎಂಬುದು ಅದಕ್ಕೆ ತಿಳಿಯುವುದಿಲ್ಲ.

ಯು-ಬೋಲ್ಟ್‌ನ ಕೆಲಸವೇನೆಂದು ಸರಿಯಾಗಿ ತಿಳಿದರೆ ಇದರ ಅಪಾಯವೂ ತಿಳಿಯುತ್ತದೆ. ಅದು ಪಟ್ಟಿಗಳ ಕಟ್ಟನ್ನು ಆಕ್ಸಲ್ ಪೀಠಕ್ಕೆ ಎಷ್ಟು ಬಲವಾಗಿ ಒತ್ತಿ ಹಿಡಿಯುತ್ತದೆಂದರೆ, ಚಕ್ರದ ಎಳೆತ ಮತ್ತು ಬ್ರೇಕಿನ ಹೊಡೆತ ಆ ಒತ್ತಡದ ಘರ್ಷಣೆಯ ಮೂಲಕವೇ ದಾಟಬೇಕು. ನಡುವಿನ ಸೆಂಟರ್ ಬೋಲ್ಟ್ ಇರುವುದು ಪಟ್ಟಿಗಳನ್ನು ಜೋಡಿಸಿಡಲು ಮತ್ತು ಆಕ್ಸಲ್ ಎಲ್ಲಿ ಕೂರಬೇಕೆಂದು ಗುರುತು ಹಿಡಿಯಲು ಮಾತ್ರ. ಒತ್ತಡ ಹೋದರೆ ಆ ಸಣ್ಣ ಬೋಲ್ಟ್ ಇಡೀ ಆಕ್ಸಲ್‌ನ ಹೊಡೆತ ತಿಂದು ತುಂಡಾಗುತ್ತದೆ. ಪಟ್ಟಿಯೂ ತನ್ನ ದುರ್ಬಲ ಜಾಗವಾದ ನಡುವಿನ ತೂತಿನ ಬಳಿ ಬಾಗತೊಡಗಿ ಅಲ್ಲಿಯೇ ಸೀಳುತ್ತದೆ. ನಡು ತೂತಿನಲ್ಲಿ ಮುರಿದ ಪಟ್ಟಿಯನ್ನು ಕಂಡರೆ ಹೊಸ ಪಟ್ಟಿ ತರುವ ಮೊದಲು ಯು-ಬೋಲ್ಟನ್ನೇ ಶಂಕಿಸಬೇಕು.

ಆದ್ದರಿಂದ ಹಳೆಯ ಯು-ಬೋಲ್ಟನ್ನು ಅಲ್ಲ, ವಾಹನವನ್ನೇ ಅಳೆಯಿರಿ. ಸ್ಪ್ರಿಂಗಿನ ಕಟ್ಟು, ಆಕ್ಸಲ್ ನಳಿಕೆ, ಪೀಠ, ನಟ್‌ಗಳು ಒತ್ತುವ ತಟ್ಟೆ ಎಲ್ಲ ಸೇರಿ ಈಗ ಇರುವ ದಪ್ಪವನ್ನು ನೋಡಿ, ಅದಕ್ಕೆ ವಾಷರ್ ಮತ್ತು ನಟ್‌ನ ಎತ್ತರ ಸೇರಿಸಿ, ಬಿಗಿದ ಮೇಲೆ ಎರಡು ಮೂರು ಎಳೆ ಥ್ರೆಡ್ ಹೊರಗೆ ಉಳಿಯುವಂತೆ ಕಾಲಿನ ಉದ್ದ ನಿರ್ಧರಿಸಬೇಕು. ನಟ್‌ನ ಮುಂದೆ, ತಟ್ಟೆಯ ಕಡೆಗೂ, ಅದು ಇನ್ನೂ ಏರಲು ಥ್ರೆಡ್ ಸಾಕಷ್ಟು ಉಳಿದಿರಬೇಕು. ಬಿಗಿಯುವಾಗ ಕೈಬೆಳಕು ಹಿಡಿದು ನೋಡಿದರೆ ತಟ್ಟೆಯ ಆಚೆ ಬದಿಯಲ್ಲಿ ಇದು ಕಾಣುತ್ತದೆ. ಬಾಗಿದ ಭಾಗದ ಆಕಾರವೂ ಮುಖ್ಯ. ದುಂಡು ಆಕ್ಸಲ್ ನಳಿಕೆಯನ್ನು ಸುತ್ತುವ ಜಾಗಕ್ಕೆ ಅದೇ ವ್ಯಾಸದ ದುಂಡು ಬಾಗು ಬೇಕು. ಚೌಕ ಬಾಗಿನದನ್ನು ಅಲ್ಲಿ ಹಾಕಿದರೆ ಅದು ಒಂದೇ ಒಂದು ಗೆರೆಯಲ್ಲಿ ತಾಗಿ ನಿಂತು, ಓಡಾಟದಲ್ಲಿ ನಿಧಾನವಾಗಿ ಬಾಗಿ ಸಡಿಲವಾಗುತ್ತದೆ.

ಸರಳಿನ ದಪ್ಪದಲ್ಲಿ ಅಂಗಡಿಯವರು "ಎರಡು ಮಿಲಿಮೀಟರಿಗೆ ಏನಾಗುತ್ತದೆ" ಎನ್ನುವುದುಂಟು. ಆಗುತ್ತದೆ. ಒಂದೇ ದರ್ಜೆಯ ಉಕ್ಕಿನಲ್ಲಿ 14 ಮಿ.ಮೀ. ಬದಲು 12 ಮಿ.ಮೀ. ಹಾಕಿದರೆ ಹಿಡಿತದ ಸಾಮರ್ಥ್ಯ ಕಾಲು ಭಾಗಕ್ಕಿಂತಲೂ ಹೆಚ್ಚು ಇಳಿಯುತ್ತದೆ. ದರ್ಜೆಯ ವ್ಯತ್ಯಾಸ ಇದಕ್ಕಿಂತಲೂ ದೊಡ್ಡದು. 8.8 ದರ್ಜೆಯ ಉಕ್ಕು ಚದರ ಮಿಲಿಮೀಟರಿಗೆ ಸುಮಾರು 640 ನ್ಯೂಟನ್ ಎಳೆತದವರೆಗೆ ಶಾಶ್ವತವಾಗಿ ಹಿಗ್ಗದೆ ನಿಲ್ಲುತ್ತದೆ, 10.9 ದರ್ಜೆಯದು 900ರವರೆಗೆ. ಪೈಪು ಹಿಡಿಯುವ ಕ್ಲಾಂಪುಗಳಲ್ಲಿ ಬಳಸುವಂಥ 4.6 ದರ್ಜೆಯ ಮೆದು ಉಕ್ಕು 240ಕ್ಕೇ ಕೈಚೆಲ್ಲುತ್ತದೆ. ಬಣ್ಣ ಬಳಿದು ಪೆಟ್ಟಿಗೆಯಲ್ಲಿಟ್ಟರೆ ಮೂರೂ ಒಂದೇ ರೀತಿ ಕಾಣುತ್ತವೆ. ನನ್ನ ವಾಹನದಿಂದ ತೆಗೆದವುಗಳ ಮೇಲೆ ದರ್ಜೆಯ ಗುರುತು ಎಲ್ಲಿಯೂ ಇರಲಿಲ್ಲ, ಬಿಲ್ಲಿನಲ್ಲಿಯೂ ಇರಲಿಲ್ಲ. ಮಾರಿದವರನ್ನು ಕೇಳಿದಾಗ ಸಿಕ್ಕ ಉತ್ತರ "ಹೆವಿ ಡ್ಯೂಟಿ" ಎಂಬ ಎರಡು ಪದ. ಕಾಲಿನ ತುದಿಯಲ್ಲಿ ಗುರುತು ಅಥವಾ ತಯಾರಕರ ಬರವಣಿಗೆಯ ಖಾತ್ರಿ ಇಲ್ಲದ ಯು-ಬೋಲ್ಟನ್ನು ಕೊಳ್ಳಬೇಡಿ. ಸರಳನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿ ಕೊಡುತ್ತೇವೆ ಎನ್ನುವವರಿಂದಲೂ ದೂರವಿರಿ, ಏಕೆಂದರೆ ಹದ ಮಾಡಿದ ಉಕ್ಕಿನ ಹದ ಆ ಬೆಂಕಿಯಲ್ಲಿಯೇ ಹೋಗುತ್ತದೆ.

ಹಳೆಯ ವಾಹನಗಳಲ್ಲಿ ಇಂಚು ಮತ್ತು ಮಿಲಿಮೀಟರ್ ಬೆರೆತಿರುವುದು ಇನ್ನೊಂದು ತೊಡಕು. 9/16 ಇಂಚಿನ ಫೈನ್ ಥ್ರೆಡ್‌ಗೆ ಇಂಚಿಗೆ 18 ಎಳೆ, ಅಂದರೆ 14.29 ಮಿ.ಮೀ. ದಪ್ಪ ಮತ್ತು 1.41 ಮಿ.ಮೀ. ಪಿಚ್ (ಎಳೆಯಿಂದ ಎಳೆಗೆ ಇರುವ ಅಂತರ). ಅದರ ಪಕ್ಕದಲ್ಲಿ 14 ಮಿ.ಮೀ. ದಪ್ಪದ, 1.5 ಪಿಚ್‌ನ ಬೋಲ್ಟ್ ಇಟ್ಟರೆ ಕಣ್ಣಿಗೆ ಭೇದ ಕಾಣದು. ಒಂದರ ನಟ್ ಇನ್ನೊಂದಕ್ಕೆ ಕೆಲವು ಸುತ್ತು ಸಲೀಸಾಗಿ ಏರಿ ಆಮೇಲೆ ಬಿಗಿಯಾಗುತ್ತದೆ. ಆ ಬಿಗಿತವೂ ಸುಳ್ಳು ಬಿಗಿತವೇ. ಪಿಚ್ ಗೇಜ್ ಇಟ್ಟು ನೋಡದೆ ನಂಬಬಾರದು. ನಟ್‌ಗಳು ಬೋಲ್ಟ್ ಜೊತೆಗೇ ಬಂದ, ಅದೇ ದರ್ಜೆಗೆ ಹೊಂದುವ ಎತ್ತರದ ನಟ್‌ಗಳಾಗಿರಲಿ, ವಾಷರ್ ಗಟ್ಟಿ ಮಾಡಿದ್ದಾಗಿರಲಿ. ಒಮ್ಮೆ ಬಿಗಿದು ಬಿಚ್ಚಿದ ಯು-ಬೋಲ್ಟನ್ನು ತಿರುಗಿ ಹಾಕುವ ಅಭ್ಯಾಸ ಎಲ್ಲ ಕಡೆ ಇದೆ, ಆದರೆ ಅದರ ಥ್ರೆಡ್ ಆಗಲೇ ಎಳೆತ ತಿಂದಿರುವುದರಿಂದ ಅದನ್ನು ಕತ್ತರಿಸಿ ಎಸೆಯುವುದೇ ಲೇಸು.

ಬಿಗಿಯುವ ಕ್ರಮದಲ್ಲಿ ಹೇಳಬೇಕಾದದ್ದು ಸ್ವಲ್ಪ. ವಾಹನದ ಭಾರ ಸ್ಪ್ರಿಂಗಿನ ಮೇಲಿರುವಾಗ, ನಾಲ್ಕೂ ನಟ್‌ಗಳನ್ನು ಕರ್ಣಾಕಾರವಾಗಿ, ಹಂತ ಹಂತವಾಗಿ, ಆ ಮಾದರಿಯ ಸರ್ವಿಸ್ ಪುಸ್ತಕದಲ್ಲಿ ಕೊಟ್ಟ ಟಾರ್ಕ್‌ಗೆ ಬಿಗಿಯಬೇಕು. ಗಾಳಿಯ ಗನ್ನಿನಿಂದ ಕೊನೆಯ ಬಿಗಿತ ಕೊಡಬಾರದು. ಪುಸ್ತಕ ಹೇಳದಿದ್ದರೆ ಥ್ರೆಡ್‌ಗೆ ಎಣ್ಣೆ ಹಚ್ಚಬಾರದು, ಏಕೆಂದರೆ ಎಣ್ಣೆ ಸವರಿದ ಥ್ರೆಡ್‌ನಲ್ಲಿ ಅದೇ ಟಾರ್ಕ್ ಹೆಚ್ಚು ಎಳೆತ ತರುತ್ತದೆ. ಪೀಠಕ್ಕೆ ದಪ್ಪ ಬಣ್ಣ ಬಳಿದಿದ್ದರೆ ಕೆರೆದು ತೆಗೆಯಬೇಕು, ಇಲ್ಲವಾದರೆ ಬಣ್ಣ ನುರಿದು ಒತ್ತಡ ಕಡಿಮೆಯಾಗುತ್ತದೆ.

ಮೊದಲ ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕುವುದು ಕಡ್ಡಾಯ, ಆಗ ನಟ್ ತುಸು ತಿರುಗಿದರೆ ಗಾಬರಿ ಬೇಡ. ಪಟ್ಟಿಗಳು ಕೂತುಕೊಳ್ಳುವಾಗ ಅಷ್ಟು ಸಡಿಲಿಕೆ ಸಹಜ. ಆದರೆ ಅದರ ಮುಂದಿನ ತಪಾಸಣೆಯಲ್ಲಿಯೂ ನಟ್ ತಿರುಗಿದರೆ ಇನ್ನಷ್ಟು ಬಿಗಿದು ಕಳುಹಿಸುವವರ ಮಾತು ಕೇಳಬೇಡಿ, ಭಾರ ಹೇರಬೇಡಿ, ನಟ್ ಬಿಚ್ಚಿಸಿ ಥ್ರೆಡ್ ಎಲ್ಲಿಗೆ ಮುಗಿದಿದೆ ಎಂದು ನೀವೇ ನಿಂತು ನೋಡಿ.