ಹೊಸ 125 ಸಿಸಿ ಸ್ಕೂಟರ್: ಮೊದಲ ತಿಂಗಳುಗಳ ಅನುಭವ

ಮೈಸೂರಿನಲ್ಲಿ ಕೊಂಡ ಈ ಸ್ಕೂಟರಿನ ವಿಷಯದಲ್ಲಿ ನನಗೆ ಹೆಚ್ಚು ಬೇಸರ ತಂದದ್ದು ಗಾಡಿಯಲ್ಲ, ಮಾರಾಟ ಮಳಿಗೆಯ ವಿಳಂಬ. 2019ರ ಏಪ್ರಿಲ್ 1ರ ನಂತರ ತಯಾರಾದ ವಾಹನಗಳಿಗೆ ಎಚ್‌ಎಸ್‌ಆರ್‌ಪಿ ಎಂಬ ಹೆಚ್ಚಿನ ಭದ್ರತೆಯ ನೋಂದಣಿ ಸಂಖ್ಯೆಯ ಫಲಕವನ್ನು ವಿತರಕರೇ ಅಳವಡಿಸಿಕೊಡಬೇಕಾಗಿದ್ದರೂ, ಅದಕ್ಕಾಗಿ ವಾರಗಟ್ಟಲೆ ಅಲೆಯಬೇಕಾಯಿತು. ಆರಂಭದಲ್ಲಿ ಬ್ರೇಕ್ ಕಿರುಗುಟ್ಟುತ್ತಿತ್ತು. ಮೊದಲ ಸರ್ವಿಸ್‌ನಲ್ಲಿ ಎಂಜಿನ್ ಆಯಿಲ್ ಬದಲಾಯಿಸಿ ಬ್ರೇಕ್ ಸರಿಹೊಂದಿಸಿದ ಮೇಲೆ ಆ ಸದ್ದು ನಿಂತಿತು.

ಎಡಗೈ ಬ್ರೇಕ್ ಹಿಡಿದರೆ ಎರಡೂ ಚಕ್ರಗಳಿಗೆ ತಡೆ ಬೀಳುವ ಸಂಯೋಜಿತ ಬ್ರೇಕ್ ವ್ಯವಸ್ಥೆ ಮಳೆಗಾಲದಲ್ಲಿ ನಿಜಕ್ಕೂ ಧೈರ್ಯ ಕೊಡುತ್ತದೆ. ಗೇರ್ ಬದಲಿಸುವ ಗೋಜಿಲ್ಲದೆ, ಹಿಂದೆ ಅಮ್ಮನನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟದ ತಿರುವುಗಳನ್ನು ಏದುಸಿರಿಲ್ಲದೆ ಏರುವ ಈ ಎಂಜಿನ್ ನನಗೆ ಬಹಳ ಮೆಚ್ಚುಗೆಯಾಗಿದೆ. ಸೀಟಿನಡಿಯ ಜಾಗದಲ್ಲಿ ಪೂರ್ಣ ಹೆಲ್ಮೆಟ್ ಹಿಡಿಸುವುದಿಲ್ಲ. ಕೊಳ್ಳುವವರು ಮಳಿಗೆಯಲ್ಲೇ ಇಟ್ಟು ನೋಡುವುದು ಒಳ್ಳೆಯದು.